ಹದಿನೇಳನೆಯ ಪ್ರಶ್ನೆ

ಹೆಗ್ಗನಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದಾಗಿನಿಂದ ನೀಲಾಂಬಿಕಾಳ ಬಲಗೈ ಹೆಬ್ಬೆರಳು ಸುಮ್ಮನಿರಲಿಲ್ಲ. ಇಳಿಯುವವರು ಯಾರಾದರೂ ಎದ್ದರೆ ಮುಂದಿನ ಸೀಟಿನ ಕಂಬಿಯ ಮೇಲೆ ಒಮ್ಮೆ ಒತ್ತುತ್ತಿದ್ದಳು. ಅವರು ಬಾಗಿಲು ತಲುಪಿದಾಗ ಇನ್ನೊಮ್ಮೆ ಒತ್ತುತ್ತಿದ್ದಳು. ಏಳು ಸೆಕೆಂಡು. ಒಂಬತ್ತು. ಕಾಮಾಕ್ಷಿಪಾಳ್ಯದಲ್ಲಿ ಸೊಪ್ಪಿನ ಬುಟ್ಟಿಯ ಮುದುಕಿಯೊಬ್ಬಳು ಇಳಿಯಲು ಎದ್ದಾಗ ಎಣಿಕೆ ಹದಿನೆಂಟಕ್ಕೆ ಹೋಯಿತು, ಕಂಡಕ್ಟರು ಬೇಗ ಬೇಗ ಎಂದು ಗದರಿದ. ಇವತ್ತು ಪರೀಕ್ಷೆ. ಬಸವೇಶ್ವರನಗರದ ಸಮುದಾಯ ಭವನದ ಮೇಲಿನ ಹಾಲಿನಲ್ಲಿ ಮೂರು ದಿನದ ತರಬೇತಿ, ಇದು ಕೊನೆಯ ದಿನ. ವಯಸ್ಸಾದವರು ನಡಿಗೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಸಂಶೋಧನೆಗಾಗಿ ವಿಜಯನಗರದಿಂದ ಕೆಂಗೇರಿಯವರೆಗೆ ಮನೆಮನೆಗೆ ಹೋಗಿ, ಮುದುಕರನ್ನು ನಡೆಸಿ ನೋಡಿ, ಬರೆದುಕೊಂಡು ಬರುವ ಕೆಲಸ. ಅವರು ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು; ಇವಳು ಸ್ಟಾಪ್‌ವಾಚ್ ಒತ್ತಬೇಕು. ಅಷ್ಟೇ. ಅಷ್ಟಕ್ಕೆ ಎದೆ ಹೀಗೆ ಹೊಡೆದುಕೊಳ್ಳಬೇಕೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಹೊಡೆದುಕೊಳ್ಳುತ್ತಿದ್ದುದು ಪರೀಕ್ಷೆಗಲ್ಲ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಪರೀಕ್ಷೆಗೇ ಎಂದು ನಂಬಿಸಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಹೊರಡುವಾಗ ದಿನದ ಹಾಗೆಯೇ ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ರೊಟ್ಟಿ, ಹೆಸರುಕಾಳಿನ ಪಲ್ಯ, ನೀರಿನ ಚೊಂಬು. ಕೈ ಚಾಚಿದರೆ ಸಿಗುವಂತೆ ಬೆಡ್‌ಪ್ಯಾನು. “ಎದ್ದಗಿದ್ದೀರಿ ಮತ್ತ” ಎಂದಿದ್ದಳು. “ಎಲ್ಲಿ ಏಳ್ತೇನವಾ” ಎಂದಿದ್ದಳು ಪಾರವ್ವ. ಎಂಟು ತಿಂಗಳಿಂದ ದಿನಾ ಇದೇ ಎರಡು ಮಾತು. ಮೊದಮೊದಲು ಆ ಉತ್ತರ ಕೇಳಿದರೆ ನೀಲಾಂಬಿಕಾಳಿಗೆ ನಿರಾಳವಾಗುತ್ತಿತ್ತು, ಬಾಗಿಲು ಎಳೆದುಕೊಂಡು ಧೈರ್ಯವಾಗಿ ನಡೆದುಬಿಡುತ್ತಿದ್ದಳು. ಮೊನ್ನೆಯಿಂದ ಅದೇ ಮಾತು ಅಂಗಾಲಿಗೆ ನಟ್ಟ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೊನ್ನೆ ತರಬೇತಿಯ ಮೊದಲ ದಿನ, ಡಾಕ್ಟರ್ ವರಲಕ್ಷ್ಮಿ ಮೇಡಂ ಗೋಡೆಯ ಮೇಲೆ ಕಾಲಿನ ಮಾಂಸಖಂಡದ ಚಿತ್ರ ತೋರಿಸುತ್ತಾ, ಪಾಠ ಹೇಳುವ ಧ್ವನಿಯಲ್ಲಲ್ಲದೆ ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದ್ದರು: “ಒಂದ್ಸಲ ಬಿದ್ರು ಅಂದ್ರೆ ಮನೆಯವರು ಹೆದರಿಬಿಡ್ತಾರೆ. ಎಲ್ಲೂ ಓಡಾಡಬೇಡಿ, ಮಲಗಿರಿ ಅಂತಾರೆ. ಈ ವಯಸ್ಸಲ್ಲಿ ಹತ್ತೇ ಹತ್ತು ದಿನ ಮಲಗಿದ್ರೂ ಕಾಲಲ್ಲಿರೋ ಶಕ್ತಿ ಎಷ್ಟು ಹೋಗತ್ತೆ ಅಂದ್ರೆ ನೀವು ನಂಬಲ್ಲ. ಎಷ್ಟೋ ಜನರ ನಡಿಗೆ ನಿಂತಿರೋದು ಬಿದ್ದಿದ್ದಕ್ಕಲ್ಲ, ಆಮೇಲೆ ಮಲಗಿಸಿದ್ದಕ್ಕೆ.” ಹನ್ನೆರಡು ಜನರೂ ತಲೆ ತಗ್ಗಿಸಿ ಬರೆದುಕೊಂಡರು. ನೀಲಾಂಬಿಕಾಳೂ ‘ಹತ್ತು ದಿನ’ ಎಂದು ಬರೆದಳು. ಎಂಟು ತಿಂಗಳೆಂದರೆ ಎಷ್ಟು ಹತ್ತು ಎಂದು ಲೆಕ್ಕ ಹಾಕಲು ಹೋಗಿ ಪೆನ್ನು ಅಲ್ಲೇ ನಿಂತಿತು.

ಪಾರವ್ವ ಬಿದ್ದದ್ದು ಬಚ್ಚಲ ಮೆಟ್ಟಿಲ ಮೇಲೆ. ಮೂಳೆ ಮುರಿದಿರಲಿಲ್ಲ, ಸೊಂಟ ನೊಂದಿದೆ, ಹದಿನೈದು ದಿನ ಸುಧಾರಿಸಿಕೊಳ್ಳಲಿ ಎಂದು ಡಾಕ್ಟರು ಮಾತ್ರೆ ಬರೆದಿದ್ದರು. ಅದಕ್ಕೂ ಮುಂಚೆ ಎರಡು ಸಲ, ಬಾದಾಮಿ ಕಡೆಯ ಹಳ್ಳಿಯಲ್ಲಿ ಹೊಲದ ಬದುವಿನ ಮೇಲೆ ನಡೆದ ಹಾಗೆ ಇಲ್ಲಿಯೂ ನಡೆದು, ಸುಂಕದಕಟ್ಟೆಯವರೆಗೆ ಹೋಗಿ ದಾರಿ ತಪ್ಪಿದ್ದಳು, ಯಾರ್ಯಾರೋ ಕರೆತಂದು ಬಿಟ್ಟಿದ್ದರು. ಆಗ ನೀಲಾಂಬಿಕಾ ಗಾರ್ಮೆಂಟ್ಸಿನಲ್ಲಿದ್ದಳು. ಅತ್ತೆಗಾಗಿ ಮೂರನೇ ಸಲ ರಜೆ ಕೇಳಿದಾಗ ಸೂಪರ್‌ವೈಸರು ಇಡೀ ಲೈನಿಗೆ ಕೇಳುವಂತೆ, “ನಿಮ್ಮತ್ತೇನ ಇಲ್ಲಿಗೇ ಕರ್ಕೊಂಡ್ ಬಾರಮ್ಮ, ಗುಂಡಿ ಹಾಕ್ತಾ ಕೂತಿರಲಿ” ಎಂದಿದ್ದ. ಸುತ್ತಲಿನವರು ನಕ್ಕಿದ್ದರು, ಇವಳೂ ನಗಬೇಕಾಗಿತ್ತು. ಆ ನಗುವನ್ನು ಮುಖದ ಮೇಲಿಟ್ಟುಕೊಂಡೇ ಮನೆಗೆ ಬಂದವಳು, ಮಂಚಕ್ಕೆ ಒರಗಿಸಿಟ್ಟಿದ್ದ ಕೋಲನ್ನು, ಅತ್ತೆ ನಿದ್ದೆಯಲ್ಲಿದ್ದಾಗ, ಸ್ಟೂಲು ಹತ್ತಿ ಸಜ್ಜದ ಮೇಲೆ ಟ್ರಂಕಿನ ಹಿಂದೆ ತೂರಿಸಿಬಿಟ್ಟಳು. ಅದು ಮಾವನ ಕೋಲು, ಬಾರಿಗಿಡದ ಕಟ್ಟಿಗೆಯದು, ಅವರು ತೀರಿಕೊಂಡ ಮೇಲೆ ಪಾರವ್ವ ಊರಿಂದ ಹೊತ್ತು ತಂದ ಒಂದೇ ಸಾಮಾನು. ಕ್ರಾಸಿನ ಚಮ್ಮಾರನೊಬ್ಬ ಅದರ ತುದಿಗೆ ಕಪ್ಪು ರಬ್ಬರು ಹೊಡೆದುಕೊಟ್ಟಿದ್ದ. ಮರುದಿನ ಪಾರವ್ವ ಕೇಳಿದಳು, “ನನ್ನ ಬಡಿಗಿ ಎಲ್ಲೈತಿ ನೀಲವ್ವ?” “ಮುರೀತ್ರಿ ಅತ್ತಿ. ಕಸದಾಗ ಒಗದೆ.” ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು. ಪಾರವ್ವ ಮಲಗಿದಲ್ಲಿಂದಲೇ ಕಣ್ಣೆತ್ತಿ ಮೇಲೆ ನೋಡಿದಳು, ಬನಶಂಕರಿಯನ್ನು ನೆನೆದಳೇನೋ ಎಂದುಕೊಂಡಳು ನೀಲಾಂಬಿಕಾ. “ಆತು ಬಿಡು” ಎಂದಳು ಪಾರವ್ವ. ಗಂಡನ ಕೋಲು ಹೋಯಿತೆಂದರೂ ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲ ಎಂದು ಸೊಸೆಗೆ ಆಶ್ಚರ್ಯವಾಗಿತ್ತು, ಸ್ವಲ್ಪ ಬೇಸರ ಕೂಡ ಆಗಿತ್ತು. ಹದಿನೈದು ದಿನ ತಿಂಗಳಾಯಿತು, ತಿಂಗಳು ಎಂಟಾಯಿತು. ನಾಯಂಡಹಳ್ಳಿಯ ಗೋಡೌನಿನಲ್ಲಿ ಲೋಡಿಂಗ್ ಕೆಲಸದ ಗಂಡ ದುಂಡಪ್ಪ, ಅವ್ವ ಮನೆಯಲ್ಲೇ ಇರುತ್ತಾಳಲ್ಲ ಎಂದು ನೆಮ್ಮದಿಯಿಂದ ಇದ್ದ. ಮನೆ ಓನರ್ ಅಣ್ಣಮ್ಮ ನೀರು ಬಿಡುವಾಗಲೆಲ್ಲ ವಠಾರದ ಹೆಂಗಸರಿಗೆ ಹೇಳುತ್ತಿದ್ದರು: “ಅತ್ತೇನ ನೆಲಕ್ಕೆ ಕಾಲು ಊರೋಕೆ ಬಿಡಲ್ಲ ಕಣ್ರೇ ಈ ಹುಡುಗಿ. ಸೊಸೆ ಅಂದ್ರೆ ಹಿಂಗಿರ್ಬೇಕು.” ಅದನ್ನು ಕೇಳಿ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದ ತನ್ನ ಮುಖ ನೆನೆದರೆ ಈಗ ನೀಲಾಂಬಿಕಾಳಿಗೆ ಅಸಹ್ಯವಾಗುತ್ತಿತ್ತು.

ಹಾಲಿನ ನೆಲದ ಮೇಲೆ ಹಳದಿ ಟೇಪು ಅಂಟಿಸಿದ್ದರು. ಈ ತುದಿಯಲ್ಲಿ ಕೈಯಿರುವ ಕುರ್ಚಿ, ಆ ತುದಿಯಲ್ಲಿ ಅಡ್ಡಗೆರೆ. ಅಭ್ಯಾಸಕ್ಕೆಂದು ಬಂದಿದ್ದವರು ಹನುಮಯ್ಯ, ಹಿಂದಿನ ಬೀದಿಯವರು, ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತೆಂಟು ದಾಟಿದವರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರಟು, ಹಣೆಯಲ್ಲಿ ಸಣ್ಣ ನಾಮ. ಮದುವೆಗೆ ಬಂದವರ ಹಾಗೆ ಮೂರು ದಿನವೂ ಸರಿಯಾದ ಹೊತ್ತಿಗೆ ಬಂದು ಕೂತಿದ್ದರು. ನಿಯಮಗಳನ್ನು ಗೋಡೆಗೆ ಅಂಟಿಸಲಾಗಿತ್ತು. ಮುಟ್ಟಬಾರದು. ಹುರಿದುಂಬಿಸಬಾರದು. ಒಂದು ಮಾರು ದೂರದಲ್ಲಿ, ಪಕ್ಕಕ್ಕೆ, ಬಿದ್ದರೆ ಹಿಡಿಯುವ ಹಾಗೆ ನಿಲ್ಲಬೇಕು. ಬೆನ್ನು ಕುರ್ಚಿಯನ್ನು ಬಿಟ್ಟ ಕೂಡಲೇ ಒತ್ತಬೇಕು. ನೀಲಾಂಬಿಕಾಳ ಸರದಿ ಬಂತು. “ಅಜ್ಜಾರ, ನಾನು ಹೇಳಿದ ಕೂಡ್ಲೆ ಎದ್ದು, ಆ ಗೆರೆ ತನಕ ನಡದು, ತಿರುಗಿ ಬಂದು ಕೂಡ್ರಿ” ಎಂದಳು. ಆದರೆ ಏಳಿ ಎನ್ನುವ ಮಾತು ಅವಳ ಬಾಯಿಗೆ ಸುಲಭವಾಗಿ ಬರಲಿಲ್ಲ. ಹುಟ್ಟಿದಾಗಿನಿಂದ ದೊಡ್ಡವರು ಬಂದರೆ ತಾನು ಎದ್ದಿದ್ದಾಳೆಯೇ ಹೊರತು ದೊಡ್ಡವರನ್ನು ಎಬ್ಬಿಸಿದವಳಲ್ಲ. “ಏಳ್ರಿ” ಎಂದಳು. ಹನುಮಯ್ಯ ಕುರ್ಚಿಯ ಕೈಗಳನ್ನು ಒತ್ತಿ ಎದ್ದರು, ಒಮ್ಮೆಗೇ ಎತ್ತರವಾದರು, ಇವಳೆದುರಿಗೆ ಒಬ್ಬ ಹಿರಿಯ ಗಂಡಸು ಎದ್ದು ನಿಂತ. ನೀಲಾಂಬಿಕಾಳ ಬಲಗೈ ತಾನಾಗಿ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಕಾಲು ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡಿತು, ಕಣ್ಣು ನೆಲ ನೋಡಿತು. ಹನುಮಯ್ಯ ಗೆರೆ ಮುಟ್ಟಿ ತಿರುಗುವಾಗ ಅವಳಿಗೆ ಎಚ್ಚರವಾಯಿತು. ಸ್ಟಾಪ್‌ವಾಚ್ ಸೆರಗಿನ ಮಡಿಕೆಯೊಳಗೆ ಸೊನ್ನೆ ತೋರಿಸುತ್ತಿತ್ತು.

ಯಾರೋ ಹಿಂದಿನಿಂದ ಕಿಸಕ್ಕೆಂದರು. “ಮಾವನೋರು ಬಂದ್ರು” ಎಂದಿತು ಇನ್ನೊಂದು ಧ್ವನಿ. ವರಲಕ್ಷ್ಮಿ ಮೇಡಂ ನಗಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. “ನೀಲಾಂಬಿಕಾ, ಅವರು ಮಧ್ಯದಲ್ಲಿ ಮುಗ್ಗರಿಸಿದ್ರೆ ಏನ್ಮಾಡ್ತಿದ್ರಿ? ನೀವು ಗೋಡೆ ಹತ್ರ ಇದ್ರಿ” ಎಂದರು. “ನಮ್ಮ ಕಡೆ ಹಂಗರಿ ಮೇಡಂ, ದೊಡ್ಡವರ ಮುಂದ…” ಎಂದಳು. “ಗೊತ್ತು. ಆದ್ರೆ ಮರ್ಯಾದೆ ಕೊಡೋಕೆ ಹೋಗಿ ಅವರನ್ನ ನೋಡೋದೇ ಬಿಟ್ರಲ್ಲ. ಟೀ ಆದ್ಮೇಲೆ ಇನ್ನೊಂದ್ಸಲ ಮಾಡಿ.” ಹನ್ನೊಂದು ಜನರ ಎದುರು, ಮೂವತ್ತನಾಲ್ಕು ವರ್ಷದ ಹೆಂಗಸು, ಪಿಯುಸಿ ಓದಿದವಳು, ಸೆರಗು ಸರಿ ಮಾಡಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಳು. ಕಣ್ಣು ತುಂಬಿ ಬಂತು. ಇದೇ ಕೈ, ಮಾವನ ಕೋಲನ್ನು ಸಜ್ಜದ ಮೇಲೆ ತೂರಿಸುವಾಗ ನಡುಗಿರಲಿಲ್ಲ. ಆಗ ಯಾವ ಮರ್ಯಾದೆ ಅಡ್ಡ ಬಂದಿತ್ತು?

ಟೀಗೆ ಮೊದಲು ಇಬ್ಬಿಬ್ಬರಾಗಿ ಕೂತು ಪ್ರಶ್ನಾವಳಿ ತುಂಬುವ ಅಭ್ಯಾಸ. ಇವಳ ಜೊತೆಗೆ ಸಿಕ್ಕವನು ಮಹದೇವ್, ಕೆಂಗೇರಿ ಉಪನಗರದವನು, ಮೊದಲು ಜನಗಣತಿಯಲ್ಲಿ ಕೆಲಸ ಮಾಡಿದ್ದವನು, ಪ್ರಶ್ನೆ ಕೇಳುವುದರಲ್ಲಿ ಪಳಗಿದವನು. “ನಿಮ್ಮನೇಲಿ ವಯಸ್ಸಾದವರು ಯಾರಾದ್ರೂ ಇದಾರಾ ಮೇಡಂ? ಅವರ ಬಗ್ಗೆನೇ ಹೇಳಿ, ನಿಜವಾದ ಫಾರಂ ಥರಾನೇ ಆಗತ್ತೆ” ಎಂದ. ಹೆಸರು ಪಾರವ್ವ. ವಯಸ್ಸು ಎಪ್ಪತ್ನಾಲ್ಕು. ಕಳೆದ ವರ್ಷದಲ್ಲಿ ಬಿದ್ದಿದ್ದಾರೆಯೇ, ಹೌದು. ಮನೆಯ ಹೊರಗೆ ಹೋಗುತ್ತಾರೆಯೇ, ಇಲ್ಲ. ಕೋಣೆಯಿಂದ ಕೋಣೆಗೆ, ಇಲ್ಲ. ಮಹದೇವ್ ತಲೆಯೆತ್ತದೆ ಗುರುತು ಹಾಕುತ್ತಾ ಹೋದ. ಹದಿನೇಳನೆಯ ಪ್ರಶ್ನೆಯನ್ನು ಓದಿದ: “ಕೋಲು, ವಾಕರ್ ಮುಂತಾದ ಸಾಧನ ಮನೆಯಲ್ಲಿದೆಯೇ?” ನೀಲಾಂಬಿಕಾ ಕಿಟಕಿಯ ಕಡೆ ನೋಡಿದಳು. “ಐತ್ರಿ” ಎಂದಳು. ಇಲ್ಲ ಎನ್ನಬಹುದಿತ್ತು, ಎಂಟು ತಿಂಗಳಿಂದ ಎಲ್ಲರಿಗೂ ಇಲ್ಲ ಎಂದೇ ಹೇಳಿದ್ದಳು. “ಇದ್ದರೆ, ಅದು ಅವರ ಕೈಗೆ ಎಟುಕುವಂತಿದೆಯೇ?” ಎಂದು ಓದಿದ ಮಹದೇವ್, ಉತ್ತರಕ್ಕೂ ಕಾಯದೆ, “ಇರುತ್ತೆ ಬಿಡಿ, ಕೋಲು ಇನ್ನೆಲ್ಲಿ ಇರತ್ತೆ” ಎಂದು ಪೆನ್ನು ‘ಹೌದು’ ಎಂಬುದರ ಹತ್ತಿರ ತಂದ. ಅವಳು ಬಾಯಿ ತೆರೆದಳು. ಆ ಒಂದು ಕ್ಷಣ ಹೇಳಿಬಿಡಬಹುದಿತ್ತು, ಇದು ಅಭ್ಯಾಸದ ಫಾರಂ, ಸಂಜೆ ಕಸದ ಬುಟ್ಟಿಗೆ ಹೋಗುವಂಥದ್ದು, ಕೇಳುವವನು ನಾಳೆ ಬೇರೆ ಏರಿಯಾಕ್ಕೆ ಹೋಗುವವನು. “ಹೌದ್ರಿ” ಎಂದಳು. ಮಹದೇವ್ ಟಿಕ್ ಹಾಕಿ ಪುಟ ತಿರುಗಿಸಿದ. ಇಷ್ಟು ಹೊತ್ತು ಇದ್ದದ್ದು ಒಂದು ಸುಳ್ಳು, ಈಗ ಅದಕ್ಕೆ ನಂಬರು ಕೂಡ ಬಂತು ಎನ್ನಿಸಿತು ಅವಳಿಗೆ.

ಟೀ ಹೊತ್ತಿಗೆ ಹನುಮಯ್ಯ ತಾವಾಗಿಯೇ ಲೋಟ ಹಿಡಿದು ನಡೆದು ಬಂದು ಅವಳ ಪಕ್ಕದ ಬೆಂಚಿನ ಮೇಲೆ ಕೂತರು. ಅವಳು ಏಳಲು ಹೋದಳು. “ಕೂತ್ಕೊಳಮ್ಮ, ನೀನೂ ಎದ್ರೆ ಹೆಂಗೆ, ಏಳೋದು ನನ್ನ ಡ್ಯೂಟಿ” ಎಂದು ನಕ್ಕರು. ಆಮೇಲೆ ಟೀಗೆ ಬಿಸ್ಕತ್ತು ಅದ್ದುತ್ತಾ, “ಇವರು ನಂಗೇನೂ ಕೊಡಲ್ಲ, ಒಂದು ಟೀ ಅಷ್ಟೆ. ಆದ್ರೂ ಬರ್ತೀನಿ. ಯಾಕೆ ಗೊತ್ತಾ?” ಎಂದರು. “ಮನೇಲಿ ಎಲ್ಲಾರೂ ಒಳ್ಳೇವ್ರೇ ಕಣಮ್ಮ. ನೀರು ಬೇಕಾ ಕೂತ್ಕೊಳಿ ತರ್ತೀವಿ, ಪೇಪರ್ ಬೇಕಾ ಕೂತ್ಕೊಳಿ ತರ್ತೀವಿ. ಬೆಳಗ್ಗೆಯಿಂದ ಸಂಜೆ ತನಕ ಕೂತ್ಕೊಳಿ, ಕೂತ್ಕೊಳಿ. ಇಲ್ಲಿ ಮಾತ್ರ ಯಾರೋ ಒಬ್ರು ನನ್ನ ಮುಖ ನೋಡಿ ಏಳಿ ಅಂತಾರೆ. ನೀನು ಗಟ್ಟಿಯಾಗಿ ಹೇಳು, ನಂಗೇನೂ ಬೇಜಾರಿಲ್ಲ.” ನೀಲಾಂಬಿಕಾ ಅರ್ಧ ಟೀಯನ್ನು ಹಾಗೆಯೇ ಬೆಂಚಿನ ಮೇಲಿಟ್ಟಳು. ಎರಡನೇ ಸಲ ಅವಳು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿದಾದ ತಲೆಯಲ್ಲಿ, ಒಂದು ಮಾರು ದೂರದಲ್ಲಿ ನಿಂತು, ಆ ಹಿರಿಯರ ಮುಖವನ್ನೇ ನೋಡುತ್ತಾ “ಏಳ್ರಿ” ಎಂದಳು. ಬಾಗಿದ ಮಂಡಿ ನೋಡಿದಳು, ಪಂಚೆಯ ಅಂಚಿನ ಕೆಳಗೆ ಹೆಬ್ಬೆಟ್ಟುಗಳು ನೆಲವನ್ನು ಹಿಡಿದುಕೊಳ್ಳುವುದು ನೋಡಿದಳು, ತಿರುಗುವಾಗ ಒಂದು ಗಳಿಗೆ ಗಾಳಿಯಲ್ಲಿ ತಡಕಾಡಿದ ಎಡಗೈ ನೋಡಿದಳು. ಹದಿನಾರು ಸೆಕೆಂಡು. ಮೇಡಂ ತಮ್ಮ ಕೈಯಲ್ಲಿದ್ದ ಗಡಿಯಾರವನ್ನೂ ನೋಡಿ ತಲೆ ಆಡಿಸಿ, ಪಾಸು ಎಂದರು. ಸ್ಟಾಪ್‌ವಾಚನ್ನು ದಾರದ ಸಮೇತ ಅವಳ ಕೊರಳಿಗೆ ಹಾಕಿದರು. ಚಪ್ಪಾಳೆಯಾಯಿತು. ಅವಳು ಮೂರು ದಿನದಿಂದ ಬಯಸಿದ್ದ ಚಪ್ಪಾಳೆ ಅದು.

ಎಲ್ಲರೂ ಮೆಟ್ಟಿಲಿಳಿದ ಮೇಲೆ ಮೇಡಂ ಟೇಪು ಕೀಳುತ್ತಿದ್ದಾಗ ಹತ್ತಿರ ಹೋದಳು. “ಮೇಡಂ, ಎಂಟು ತಿಂಗಳು ಹಾಸಿಗೀ ಮ್ಯಾಲ ಇದ್ದವರು ಮತ್ತ ಎದ್ದು ಅಡ್ಡಾಡ್ತಾರೇನ್ರಿ?” ವರಲಕ್ಷ್ಮಿ ಕೆಲಸ ನಿಲ್ಲಿಸಿ ಅವಳನ್ನು ನೋಡಿದರು. “ಹೇಳೋಕಾಗಲ್ಲ. ಕೆಲವರು ಏಳ್ತಾರೆ, ಕೆಲವರು ಏಳಲ್ಲ. ಕಾಲಿಗಿಂತ ಮೊದಲು ಏಳೋ ಆಸೆನೇ ಹೋಗಿರತ್ತೆ ಎಷ್ಟೋ ಸಲ. ಮೊದಲು ಕುರ್ಚಿ ಹಿಡ್ಕೊಂಡು ನಿಲ್ತಾರಾ ನೋಡ್ಬೇಕು, ಪಕ್ಕದಲ್ಲಿ ಒಬ್ಬರು ಇರ್ಬೇಕು. ಯಾರಿಗೆ, ನಿಮ್ಮನೇಲಾ?” “ಇಲ್ರಿ. ನಮ್ಮ ವಠಾರದಾಗ ಒಬ್ಬರು” ಎಂದಳು. ಮೇಡಂ ಇನ್ನೂ ಒಂದು ಕ್ಷಣ ನೋಡಿ, “ಅವರನ್ನ ಕರ್ಕೊಂಡು ಬನ್ನಿ, ನಾನು ನೋಡ್ತೀನಿ” ಎಂದರು. ಬಸ್ಸಿನಲ್ಲಿ ಸೀಟು ಇದ್ದರೂ ಅವಳು ಮನೆಯವರೆಗೆ ನಿಂತೇ ಬಂದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ರೊಟ್ಟಿ ಅರ್ಧ ಉಳಿದಿತ್ತು. ಬೆಡ್‌ಶೀಟು ಒದ್ದೆಯಾಗಿತ್ತು, ಪಾರವ್ವ ಮುಖ ಗೋಡೆಗೆ ತಿರುಗಿಸಿಕೊಂಡು, “ತಡಾ ಆತವಾ, ತಡೀಲಿಲ್ಲ” ಎಂದಳು. ಊರಲ್ಲಿ ದಿನಾ ಹೊಲಕ್ಕೆ ಬುತ್ತಿ ಹೊತ್ತು ನಡೆದವಳು ಅದನ್ನು ಗೋಡೆಗೆ ಹೇಳಿದಳು. ನೀಲಾಂಬಿಕಾ ಕಂಕುಳಿಗೆ ಕೈ ಕೊಟ್ಟು ಎತ್ತಿ, ಒರೆಸಿ, ಸೀರೆ ಬದಲಿಸಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದಳು. ಹಾಸಿಗೆ ತಿರುವಿ ಹಾಕಿ ಹೊಸ ಬೆಡ್‌ಶೀಟು ಹಾಸಿದಳು. ಗೋಡೆ ಕಡೆಯ ಅಂಚನ್ನು ಸಿಕ್ಕಿಸಲು ಮಂಚದ ಮೇಲೆ ಹತ್ತಿದವಳಿಗೆ ಸೊಂಟ ಹಿಡಿದಂತಾಗಿ, ಒಂದು ಗಳಿಗೆ, ಅತ್ತೆಯ ದಿಂಬಿನ ಮೇಲೆ ತಲೆಯಿಟ್ಟಳು. ಎಂಟು ತಿಂಗಳಲ್ಲಿ ಆ ದಿಂಬಿನ ಮೇಲೆ ಅವಳು ತಲೆಯಿಟ್ಟಿರಲಿಲ್ಲ, ಅವಳು ಮಲಗುತ್ತಿದ್ದುದು ಒಳಗೆ ಒಲೆಯ ಹತ್ತಿರ. ಕಣ್ಣೆದುರಿಗೆ ಸಜ್ಜ. ನಿಂತವರಿಗೆ ಕಾಣುವುದು ಟ್ರಂಕಿನ ಮುಖ, ಕೌದಿಯ ಗಂಟು. ಮಲಗಿದವರಿಗೆ, ಟ್ರಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಸಜ್ಜದ ಅಂಚಿನಿಂದ ನಾಲ್ಕು ಬೆರಳು ಹೊರಗೆ ಬಂದ ಕೋಲಿನ ತುದಿ, ಅದರ ಕಪ್ಪು ರಬ್ಬರು, ರಬ್ಬರಿನ ನಡುವಿನ ಮೊಳೆ ಕೂಡ ಕಾಣುತ್ತಿತ್ತು.

ಎಷ್ಟು ಹೊತ್ತು ಹಾಗೆ ಮಲಗಿದ್ದಳೋ. ಏಳುವುದಕ್ಕೆ ಅವಳಿಗೆ ಹೆದರಿಕೆಯಾಯಿತು, ಎದ್ದರೆ ಅತ್ತೆಯ ಮುಖ ನೋಡಬೇಕಲ್ಲ. ಮುರಿಯಿತು ಎಂದಾಗ ಪಾರವ್ವ ಕಣ್ಣೆತ್ತಿ ನೋಡಿದ್ದು ಬನಶಂಕರಿಯನ್ನಲ್ಲ. “ಅತ್ತಿ” ಎಂದಳು, ಮಲಗಿದಲ್ಲಿಂದಲೇ. “ನಿಮಗ ಗೊತ್ತಿತ್ತು.”

“ಹ್ಞೂಂ” ಎಂದಳು ಪಾರವ್ವ.

“ಮತ್ಯಾಕ ಕೇಳಲಿಲ್ರಿ?”

“ಕೇಳಿದ್ನಲ್ಲ. ಮುರೀತು ಅಂದಿ. ಅದರ ಮ್ಯಾಲ ಏನ ಕೇಳೂದು? ನೀ ಮತ್ತೊಂದ ಹೇಳಬೇಕಾಗ್ತಿತ್ತು.” ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. “ಮೊದಲ ಮೊದಲ ಸಿಟ್ಟ ಬಂದಿತ್ತವಾ. ಆಮ್ಯಾಲ ಮುಂಜಾನೆ ಕಣ್ಣ ಬಿಟ್ಟ ಕೂಡ್ಲೆ ಅದನ್ನ ನೋಡತಿದ್ದೆ. ಒಗದಿಲ್ಲ, ಐತಿ, ಅಂತ ಸಮಾಧಾನ ಆಗ್ತಿತ್ತು. ನೀನೂ ಏನ ಮಾಡ್ತಿ, ನಾ ಎದ್ದರ ನಿನ್ನ ಕೆಲಸ ಹೋಗ್ತಿತ್ತು.” ನೀಲಾಂಬಿಕಾ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ನಿಮ್ಮ ಒಳ್ಳೆಯದಕ್ಕೇ ಮಾಡಿದೆ ಎನ್ನುವ ಮಾತನ್ನು ಎಂಟು ತಿಂಗಳಿಂದ ಸಿದ್ಧವಾಗಿಟ್ಟುಕೊಂಡಿದ್ದಳು. ಅದನ್ನು ಹೇಳುವ ಅವಕಾಶವನ್ನೂ ಮುದುಕಿ ಉಳಿಸಲಿಲ್ಲ. “ತಪ್ಪಾತ್ರಿ” ಎಂದಳು. ಪಾರವ್ವ ಸಜ್ಜದ ಕಡೆ ಕಣ್ಣೆತ್ತಿ, “ಇಳಸ್ತೀ ಏನು ಅದನ್ನ?” ಎಂದು ಕೇಳಿದಳು.

ಸ್ಟೂಲು ಹತ್ತಿ ಕೋಲನ್ನು ಎಳೆದಾಗ ಧೂಳು ಕಣ್ಣಿಗೆ ಬಿತ್ತು. ಸೆರಗಿನಿಂದ ಒರೆಸಿ ಅತ್ತೆಯ ಬಲಗೈಗೆ ಕೊಟ್ಟಳು. ಪಾರವ್ವ ಅದರ ಹಿಡಿಯನ್ನು ಹೆಬ್ಬೆರಳಿಂದ ಸವರಿದಳು. ನೀಲಾಂಬಿಕಾ ಕುರ್ಚಿಯನ್ನು ಗೋಡೆಗೆ ಆನಿಸಿ ಸರಿಸಿದಳು, ಒಂದು ಮಾರು ದೂರ ಪಕ್ಕಕ್ಕೆ ನಿಂತಳು. ಆ ಕೋಣೆಯಲ್ಲಿ ಮೂರು ಮೀಟರ್ ಇರಲಿಲ್ಲ. ಕುರ್ಚಿಯಿಂದ ಹೊಸ್ತಿಲಿಗೆ ಎಂಟು ಅಡಿಯೂ ಇರಲಿಲ್ಲ. ನಿಯಮ ಯಾವುದೂ ನೆನಪಿಗೆ ಬರಲಿಲ್ಲ, ಹನುಮಯ್ಯನವರ ಮಾತು ಬಂತು. ಗಟ್ಟಿಯಾಗಿ ಹೇಳಿದಳು: “ಏಳ್ರಿ ಅತ್ತಿ.”

ಪಾರವ್ವ ಎದ್ದಳು ಎಂದು ಹೇಳುವುದು ಕಷ್ಟ. ಮೊದಲ ಸಲ ಬೆನ್ನು ಕುರ್ಚಿ ಬಿಟ್ಟಿತು, ಅಷ್ಟೇ, ಮತ್ತೆ ಕುಸಿದಳು. ಎರಡನೇ ಸಲ ಕೋಲಿನ ಮೇಲೆ ಎರಡೂ ಕೈ ಇಟ್ಟು, ಹಲ್ಲು ಕಚ್ಚಿ, ಅರ್ಧದವರೆಗೆ ಬಂದಳು. ಕೃಶವಾದ ಮೀನಖಂಡಗಳು ಸೀರೆಯ ಕೆಳಗೆ ಥರಥರ ನಡುಗುತ್ತಿದ್ದವು. ನೀಲಾಂಬಿಕಾಳ ಕೈಗಳು ಮುಂದಕ್ಕೆ ಹೋದವು, ಅವುಗಳನ್ನು ಅಲ್ಲಿಯೇ ಗಾಳಿಯಲ್ಲಿ ಹಿಡಿದು ನಿಲ್ಲಿಸಿದಳು. ಮಂಡಿ ನೆಟ್ಟಗಾಗಲಿಲ್ಲ, ಆದರೆ ನಿಂತಳು. ಹೊಸ್ತಿಲಾಚೆಯ ಬಿಸಿಲನ್ನು ನೋಡುತ್ತಾ ನಿಂತಳು, ನಾಲ್ಕು ಉಸಿರು, ಐದು ಉಸಿರು. ಬಲಗಾಲನ್ನು ಮುಂದಿಡಲು ನೋಡಿದಳು, ಹಿಮ್ಮಡಿ ಎದ್ದಿತು, ಪಾದ ನೆಲ ಬಿಡಲಿಲ್ಲ. ಆಮೇಲೆ ಒಮ್ಮೆಲೇ ಕುರ್ಚಿಗೆ ಕೂತುಬಿಟ್ಟಳು, ಹಣೆ ಪೂರ್ತಿ ಬೆವರು. ಸೊಸೆಯ ಕೊರಳಲ್ಲಿ ತೂಗುತ್ತಿದ್ದ ಗಡಿಯಾರದ ಕಡೆ ಗದ್ದ ತೋರಿಸಿ, ಏದುಸಿರಿನಲ್ಲಿ, “ಎಷ್ಟ ಆತು?” ಎಂದಳು.

ನೀಲಾಂಬಿಕಾ ನೋಡಿಕೊಂಡಳು. ಸೊನ್ನೆ. “ಒತ್ತೂದ ಮರತೆನ್ರಿ.”

“ನಾಳೆ ಒತ್ತು” ಎಂದಳು ಪಾರವ್ವ.

ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿ, ಕೋಲನ್ನು ಗೋಡೆಗೆ ಒರಗಿಸಿಡೋಣವೆಂದು ನೀಲಾಂಬಿಕಾ ಕೈ ಹಾಕಿದಳು. ಬರಲಿಲ್ಲ. ಕೂತಲ್ಲಿಂದ ಏಳಲಾಗದ ಆ ಮುದುಕಿಯ ಮುಷ್ಟಿಯಲ್ಲಿ ಅಷ್ಟು ಬಲ ಇತ್ತು. ಅಭ್ಯಾಸಬಲದಿಂದ ಇನ್ನೊಮ್ಮೆ ಎಳೆದಳು. ಪಾರವ್ವ ಕಣ್ಣು ತೆರೆದು ಸೊಸೆಯನ್ನು ನೋಡಿದಳು, ಕೈ ಬಿಡಲಿಲ್ಲ. ನೀಲಾಂಬಿಕಾ ಬಿಟ್ಟಳು.